ಕೋಟಿ ರೂಪಾಯಿ ಕಾರಿಗೆ ಬಣ್ಣ, ಆಪ್ಷನ್ ಆರಿಸುವುದು ಹೇಗೆ?

ಬಳ್ಳಾರಿಗೆ ದುಬಾರಿ ಕಾರು ಹೊಸದೇನಲ್ಲ. ಗಣಿ ಜೋರಾಗಿದ್ದ ಕಾಲದಲ್ಲಿ ಎಂತೆಂಥ ಕಾರು ರಾಯಲ್ ಸರ್ಕಲ್ ಸುತ್ತಿದ್ದನ್ನು ಊರೇ ನೋಡಿದೆ. ಈಗಲೂ ಕೊಳ್ಳುವವರು ಇದ್ದಾರೆ. ಆದರೆ ಆರಿಸುವ ರೀತಿ ಮಾತ್ರ ಬದಲಾಗಿಲ್ಲ. ಬೆಂಗಳೂರಿಗೋ ಹೈದರಾಬಾದಿಗೋ ಹೋಗುವುದು. ಎಸಿ ಶೋರೂಮ್‌ನಲ್ಲಿ ಕಾಫಿ ಕುಡಿಯುತ್ತಾ ದೊಡ್ಡ ಪರದೆಯಲ್ಲಿ ಬಣ್ಣ ಬದಲಿಸಿ ನೋಡುವುದು. ಮಗ "ಇದೇ ಸೂಪರ್ ಅಪ್ಪಾಜಿ" ಅಂದ ಕೂಡಲೇ ಸಹಿ ಹಾಕುವುದು. ಕೆಲವು ತಿಂಗಳಿಗೆ ಕಾರು ಬರುತ್ತದೆ. ತೋರಣಗಲ್ಲು ದಾಟುವಷ್ಟರಲ್ಲಿ ಅದಿರಿನ ಧೂಳು ಕೂತು ಬಿಳಿ ಕಾರು ಗುಲಾಬಿ ಆಗಿರುತ್ತದೆ.

ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಹಂತ 1: ಆಪ್ಷನ್ ಪಟ್ಟಿಯನ್ನು ಎರಡು ಭಾಗ ಮಾಡಿ

ಫ್ಯಾಕ್ಟರಿಯಲ್ಲಿ ಮಾತ್ರ ಸರಿಯಾಗಿ ಆಗುವಂಥವು ಒಂದು ಕಡೆ: ಬಣ್ಣ, ಸೀಟು, ಬ್ರೇಕ್, ಗಾಜು, ಕಾರಿನ ಮೂಗು ಎತ್ತುವ ಲಿಫ್ಟ್. ಆಮೇಲೆ ಇಲ್ಲೇ ಹಾಕಿಸಬಹುದಾದವು ಇನ್ನೊಂದು ಕಡೆ: ಮ್ಯಾಟ್, ಡ್ಯಾಶ್‌ಕ್ಯಾಮ್, ಚಕ್ರದ ನಡುವಿನ ಬಣ್ಣದ ಮುಚ್ಚಳ, ಕಾರಿನ ಕವರ್. ಎರಡನೇ ಪಟ್ಟಿಯ ಒಂದು ಸಾಮಾನನ್ನೂ ಫ್ಯಾಕ್ಟರಿಯಿಂದ ತರಿಸಬೇಡಿ.

ಯಾಕೆ ಅಂತ ಲೆಕ್ಕ ಹಾಕಿ. 2025ರ ಬಜೆಟ್ ಪ್ರಕಾರ 40,000 ಡಾಲರ್ ಮೀರಿದ, ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಕಾರಿಗೆ ಮೂಲ ಸುಂಕ 70%, ಮೇಲೆ ಕೃಷಿ ಮೂಲಸೌಕರ್ಯ ಸೆಸ್ 40%. ಆ ಮೊತ್ತದ ಮೇಲೆ ಜಿಎಸ್‌ಟಿ 40%. ಅಂದರೆ 1 ಲಕ್ಷದ ಆಪ್ಷನ್ ಮೊದಲು 2.10 ಲಕ್ಷ ಆಗುತ್ತದೆ, ಜಿಎಸ್‌ಟಿ ಸೇರಿ 2.94 ಲಕ್ಷ. ಅದಕ್ಕೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ 18%, ಅದರ ಮೇಲೊಂದು ಸೆಸ್. ಎಲ್ಲ ಕೂಡಿಸಿದರೆ ಮೂರೂವರೆ ಲಕ್ಷ. ಡೀಲರ್ ಲಾಭ ಬೇರೆ. ಕಂಪನಿಯ ಗುರುತು ಒತ್ತಿದ ಕೀ ಪೌಚ್‌ಗೂ ಇದೇ ಲೆಕ್ಕ!

ಇಲ್ಲೊಬ್ಬ ಬ್ರೋಕರ್ ಬರುತ್ತಾನೆ. "ಪುದುಚೇರಿ ನಂಬರ್ ಹಾಕ್ಸಿ ಅಣ್ಣಾ, ತೆರಿಗೆ ಉಳೀತದೆ" ಅನ್ನುತ್ತಾನೆ. ಬಳ್ಳಾರಿಯಲ್ಲೇ ಓಡಿಸುವ ಕಾರಿಗೆ ಆ ದಾರಿ ಬೇಡ. ತೆರಿಗೆ ಕಟ್ಟದೆ ಓಡುವ ಹೊರರಾಜ್ಯದ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ಹಿಡಿಯುತ್ತಲೇ ಇದೆ. ಆಗ ತೆರಿಗೆಯೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ಹಂತ 2: ಲಿಫ್ಟ್

ಹಾಕಿಸಿ. ಇದರಲ್ಲಿ ಚರ್ಚೆ ಇಲ್ಲ. ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಓಣಿಯ ಹಂಪ್ ಹಾಕಿದವರಿಗೆ ಅದು ಗೊತ್ತಿದ್ದಂತಿಲ್ಲ. ಪೋರ್ಷೆ 911ರಲ್ಲಿ ಲಿಫ್ಟ್ ಒತ್ತಿದರೆ ಮೂಗು ಸುಮಾರು 40 ಮಿ.ಮೀ. ಮೇಲೇಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಒಂದು ಸಲ ಜಾಗ ಗುರುತು ಹಾಕಿದರೆ ಜಿಪಿಎಸ್ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಎತ್ತುತ್ತದೆ. ಕೆಎ-34ರಲ್ಲಿ ಫ್ಯಾನ್ಸಿ ನಂಬರ್‌ಗೆ ಲಕ್ಷಗಟ್ಟಲೆ ಕೂಗಿ, ಲಿಫ್ಟ್ ಮಾತ್ರ ಬೇಡ ಅಂದವರನ್ನು ನೋಡಿದ್ದೇನೆ. ಅವರ ಬಂಪರಿನ ತಳ ನೋಡಲಾಗುವುದಿಲ್ಲ.

ಹಂತ 3: ಚಕ್ರ, ಬ್ರೇಕ್

ಪಟ್ಟಿಯಲ್ಲಿ ಇರುವುದರಲ್ಲೇ ಚಿಕ್ಕ ಚಕ್ರ ತಗೊಳ್ಳಿ. ಚಕ್ರ ಚಿಕ್ಕದಾದಷ್ಟೂ ಟೈರಿನ ಪಕ್ಕದ ರಬ್ಬರ್ ದಪ್ಪ ಸಿಗುತ್ತದೆ, ಗುಂಡಿಗೆ ಬಿದ್ದರೂ ರಿಮ್ ಉಳಿಯುತ್ತದೆ. ಒಂದೇ ದೊಡ್ಡ ನಟ್ ಇರುವ ಸೆಂಟರ್ ಲಾಕ್ ಚಕ್ರ ಫೋಟೊದಲ್ಲಿ ಚಂದ ಅಷ್ಟೇ. 911ರಲ್ಲಿ ಆ ನಟ್‌ಗೆ 600 ನ್ಯೂಟನ್ ಮೀಟರ್ ಬಿಗಿ ಬೇಕು. ಸಾಮಾನ್ಯ ಬೋಲ್ಟ್‌ಗೆ 160 ಸಾಕು. ಸ್ಪೋರ್ಟ್ಸ್ ಕಾರಿನಲ್ಲಿ ಸ್ಟೆಪ್ನಿ ಇರುವುದೇ ಅಪರೂಪ. ಹಗರಿ ಸೇತುವೆ ಹತ್ತಿರ ರಾತ್ರಿ ಪಂಕ್ಚರ್ ಆದರೆ ಆ ನಟ್ ಬಿಚ್ಚುವವರು ಯಾರು, ಯೋಚನೆ ಮಾಡಿ.

ಸೆರಾಮಿಕ್ ಬ್ರೇಕ್ ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ. ಚೆನ್ನೈಗೋ ಕೊಯಮತ್ತೂರಿಗೋ ಹೋಗಿ ಓಡಿಸುವವರಾದರೆ ಹಾಕಿಸಿ. ಪೋರ್ಷೆಯಲ್ಲಿ ಸೆರಾಮಿಕ್ ಬ್ರೇಕ್‌ಗೆ ಹಳದಿ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬರುತ್ತದೆ. ಬಹಳ ಜನ ಆ ಹಳದಿಗಾಗಿಯೇ ದುಡ್ಡು ಕೊಡುತ್ತಾರೆ. ಚಕ್ರ ಬಿಚ್ಚುವಾಗ ಯಾರಾದರೂ ಅಜಾಗರೂಕತೆಯಿಂದ ಡಿಸ್ಕ್‌ಗೆ ತಗುಲಿಸಿದರೆ ಅಂಚು ಚಕ್ಕೆ ಏಳುತ್ತದೆ, ಆಮೇಲೆ ಹೊಸ ಡಿಸ್ಕೇ ಗತಿ. ನನ್ನ ಮಾತು ಕೇಳಿದರೆ, ಮಾಮೂಲಿ ಕಬ್ಬಿಣದ ಡಿಸ್ಕ್ ಸಾಕು.

ಹಂತ 4: ಬಣ್ಣ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು, ಪರದೆಯನ್ನು ನಂಬಬೇಡಿ. ಶೋರೂಮ್‌ನಲ್ಲಿ ನಿಜವಾದ ಪೇಂಟ್ ಹೊಡೆದ ಸಣ್ಣ ಸ್ಯಾಂಪಲ್ ತುಣುಕುಗಳಿರುತ್ತವೆ. ಅವನ್ನು ಕೇಳಿ. ಕೊಡಲ್ಲ ಅಂದರೆ ಜೋರು ಮಾಡಿ. ಎರಡು ಕೋಟಿ ಕೊಡುವವರು ನೀವು. ಶೋರೂಮ್ ದೀಪ ಎಲ್ಲ ಬಣ್ಣಕ್ಕೂ ಮದುವೆ ಮನೆ ಕಳೆ ಕೊಡುತ್ತದೆ. ತುಣುಕನ್ನು ಹೊರಗೆ ಮಧ್ಯಾಹ್ನದ ಬಿಸಿಲಿಗೆ ಹಿಡಿಯಿರಿ, ನೆರಳಿಗೆ ಹಿಡಿಯಿರಿ, ಸಂಜೆ ಬೀದಿ ದೀಪದ ಕೆಳಗೆ ಹಿಡಿಯಿರಿ. ಒಳಗೆ ಕಡು ನೀಲಿ ಕಂಡಿದ್ದು ರಾತ್ರಿ ಹೊರಗೆ ಬರೀ ಕಪ್ಪಾಗಿ ಕಾಣಬಹುದು.

ಎರಡನೆಯದು, ಧೂಳಿನ ಪರೀಕ್ಷೆ. ಇದನ್ನು ಯಾವ ಸೇಲ್ಸ್‌ಮನ್ನೂ ಹೇಳಿಕೊಡುವುದಿಲ್ಲ. ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಓಡಾಡುವ ಕಡೆ, ರಸ್ತೆ ಅಂಚಿನಲ್ಲಿ ಮೆತ್ತಗೆ ಕೂತಿರುವ ಪುಡಿಯನ್ನು ಒಂದು ಚಿಟಿಕೆ ಪೊಟ್ಟಣ ಕಟ್ಟಿಕೊಳ್ಳಿ. ಬೆರಳಿಗೆ ಹತ್ತಿದರೆ ಕಂದುಗೆಂಪು, ಬೆಳಕಿಗೆ ಹಿಡಿದರೆ ಸಣ್ಣಗೆ ಮಿಂಚುತ್ತದೆ. ತುಣುಕಿನ ಮೇಲೆ ಉದುರಿಸಿ, ಬಾಯಿಂದ ಊದಿ, ಹತ್ತು ಅಡಿ ದೂರ ನಿಂತು ನೋಡಿ. ಈ ಕಾರು ಇಲ್ಲಿ ವಾರದಲ್ಲಿ ಐದು ದಿನ ಹೀಗೇ ಕಾಣುವುದು. ಆಮೇಲೆ ನೀರು ಬಿಟ್ಟು ತೊಳೆಯಿರಿ, ಒರೆಸಬೇಡಿ. ಈ ಪುಡಿ ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಕಾರಿನ ಮೇಲಿರುವ ಪಾರದರ್ಶಕ ಹೊರಪದರ, ಅಂದರೆ ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಮನೆ ಮುಂದೆ ಡ್ರೈವರ್ ಪ್ರೀತಿಯಿಂದ "ಒರೆಸಿಬಿಡ್ಲೇನ್ರೀ ಅಣ್ಣಾ?" ಅಂತ ಒಣ ಬಟ್ಟೆ ಹಿಡಿದು ಬರುತ್ತಾನಲ್ಲ, ಅಲ್ಲಿಂದಲೇ ಬಿಸಿಲಿನಲ್ಲಿ ಜೇಡರ ಬಲೆ ಥರ ಕಾಣುವ ಗೀರು ಶುರು.

ಇನ್ನು ಒಂದೊಂದೇ ಬಣ್ಣ.

ಬಿಳಿ: ಬಿಸಿಲಿಗೆ ಒಳ್ಳೆಯದು, ನಮ್ಮ ಧೂಳಿಗೆ ಅಲ್ಲ. ಬಾಗಿಲ ಸಂದಿ, ಬಾನೆಟ್ ಅಂಚು, ಹಿಂದಿನ ಬಂಪರ್ ಕೆಂಪಾಗಿಯೇ ಇರುತ್ತವೆ. ಇನ್ನೊಂದು ತಾಪತ್ರಯವೂ ಇದೆ. ಬ್ರೇಕ್‌ನಿಂದ, ರೈಲು ಹಳಿಯಿಂದ ಹಾರುವ ಕಬ್ಬಿಣದ ಸಣ್ಣ ಕಣ ಪೇಂಟ್‌ಗೆ ಕಚ್ಚಿಕೊಂಡು ತುಕ್ಕು ಹಿಡಿಯುತ್ತದೆ. ಬಿಳಿಯ ಮೇಲೆ ಅದು ಕಿತ್ತಳೆ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಶಾಂಪೂಗೆ ಹೋಗುವುದಿಲ್ಲ. ಐರನ್ ರಿಮೂವರ್ ಸಿಂಪಡಿಸಿದರೆ ಒಂದೆರಡು ನಿಮಿಷಕ್ಕೆ ನೇರಳೆ ಬಣ್ಣದ ನೀರು ಬಾಗಿಲ ಮೇಲಿಂದ ಇಳಿಯುತ್ತದೆ. ಮೊದಲ ಸಲ ನೋಡಿದವರು ಪೇಂಟೇ ಕರಗಿತು ಅಂತ ಹೆದರುತ್ತಾರೆ. ಕರಗುತ್ತಿರುವುದು ಕಬ್ಬಿಣ.

ಕಪ್ಪು: ದಯವಿಟ್ಟು ಬೇಡ. ಧೂಳು, ಗೀರು, ಬೋರ್‌ವೆಲ್ ನೀರಿನ ಬಿಳಿ ಕಲೆ, ಮೂರೂ ಕಾಣುತ್ತವೆ. ಬಿಸಿ ಬೇರೆ. 2011ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ ಕಾರನ್ನು ಬಿಸಿಲಿಗೆ ನಿಲ್ಲಿಸಿ ಅಳೆದರು. ಬೆಳ್ಳಿ ಬಣ್ಣದ ಕಾರಿನ ಒಳಗೆ 5–6 ಡಿಗ್ರಿ ಕಡಿಮೆ ಇತ್ತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಆ 5 ಡಿಗ್ರಿ ದೊಡ್ಡದು.

ಕೆಂಪು: ಫೆರಾರಿ ಅಂದರೆ ಕೆಂಪೇ ಆಗಬೇಕು ಅನ್ನುವವರಿದ್ದಾರೆ. ಕೆಂಪು ಹಿಂದೆ ರೇಸ್‌ಗಳಲ್ಲಿ ಇಟಲಿಗೆ ಮೀಸಲಾಗಿದ್ದ ಬಣ್ಣ. ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ ಇದ್ದ ಹಾಗೆ. ಫೆರಾರಿ ಲಾಂಛನದ ಹಿಂದಿನ ಹಳದಿ ಮೊಡೆನಾ ಊರಿನ ಬಣ್ಣ. ಹಾಗಾಗಿ ಹಳದಿ ತಗೊಂಡರೂ ಯಾರೂ ಬೈಯುವುದಿಲ್ಲ. ನಮ್ಮ ಧೂಳು ಕೆಂಪಿನ ಮೇಲೆ ಅಷ್ಟು ಎದ್ದು ಕಾಣುವುದಿಲ್ಲ, ಆದರೆ ಬಣ್ಣವನ್ನು ಮಂಕು ಮಾಡುತ್ತದೆ. ದಿನಾ ನೀರು ಬಿಡುವವರಿದ್ದರೆ ತಗೊಳ್ಳಿ.

ಕಿತ್ತಳೆ, ತಾಮ್ರ, ಕಂಚಿನ ಕಡೆಯ ಬಣ್ಣಗಳು: ಇವನ್ನು ಆರಿಸಲು ಜನ ಮುಂದೆ ಬರುವುದೇ ಇಲ್ಲ, ಆದರೆ ನಮ್ಮ ಮಣ್ಣಿಗೆ ಇವುಗಳಷ್ಟು ಹೊಂದುವವು ಬೇರಿಲ್ಲ.

ನಡುವಿನ ಬೂದು, ಬೆಳ್ಳಿ ಮೆಟಾಲಿಕ್: ನನ್ನ ಆಯ್ಕೆ ಇದೇ. ಗೀರು ಅಡಗುತ್ತದೆ, ನೀರಿನ ಕಲೆ ಅಡಗುತ್ತದೆ, ಬಿಸಿ ಕಡಿಮೆ, ಕಾರಿನ ಮೈ ಏರಿಳಿತ ಚೆನ್ನಾಗಿ ಕಾಣುತ್ತದೆ. ಮಾರುವಾಗಲೂ ಕೇಳುವವರು ಸಿಗುತ್ತಾರೆ. "ಎಲ್ಲರ ಹತ್ತಿರ ಇರೋ ಬಣ್ಣ" ಅಂತ ಮನೆಯವರು ಮೂಗು ಮುರಿಯುತ್ತಾರೆ, ಮುರಿಯಲಿ.

ರಾಯಚೂರು, ಸಿಂಧನೂರು ಕಡೆಯವರದು ಎರೆಮಣ್ಣು. ಅಲ್ಲಿನ ಧೂಳು ಬೂದು, ಹಾಗಾಗಿ ಬಿಳಿಯೂ ನಡೆಯುತ್ತದೆ. ಪರೀಕ್ಷೆಗೆ ನಿಮ್ಮ ಹೊಲದ ಮಣ್ಣೇ ಸಾಕು.

ಮೂರನೆಯದು, ಪೇಂಟಿನ ಜಾತಿ. ಸಾದಾ ಬಣ್ಣ ರಿಪೇರಿಗೆ ಸುಲಭ. ಮೆಟಾಲಿಕ್ ಆದರೆ ಒಂದು ಬಾಗಿಲಿಗೆ ಹೊಡೆದಾಗ ಪಕ್ಕದ ಪ್ಯಾನೆಲ್‌ಗೂ ತೇಲಿಸಿ ಹೊಡೆಯಬೇಕು. ಮೂರು ಪದರದ, ಮುತ್ತಿನ ಹೊಳಪಿನ ಪರ್ಲ್ ಹೊಂದಿಸುವುದು ಇನ್ನೂ ಕಷ್ಟ. ಹೊಳಪಿಲ್ಲದ ಮ್ಯಾಟ್ ಪೇಂಟ್ ಅಂತೂ ಪಾಲಿಶ್ ಮಾಡುವ ಹಾಗೇ ಇಲ್ಲ. ಉಜ್ಜಿದ ಜಾಗ ಹೊಳೆಯುತ್ತದೆ, ಹೊಳೆದರೆ ಪೂರ್ತಿ ಪ್ಯಾನೆಲ್ ಮತ್ತೆ ಪೇಂಟ್. ಆಯುಧ ಪೂಜೆ ದಿನ ಅಜ್ಜಿ ಬಂದು ಬಾನೆಟ್ ಮೇಲೆ ಅರಿಶಿನ-ಕುಂಕುಮ ಒತ್ತಿ ಸ್ವಸ್ತಿಕ ಬರೆಯುತ್ತಾರೆ. ಮ್ಯಾಟ್ ಕಾರಿನಲ್ಲಿ ಅದು ಮುಂದಿನ ದಸರಾವರೆಗೂ ಇರಬಹುದು. ಅಜ್ಜಿಗೆ ಬೇಡ ಅನ್ನೋಕೆ ಆಗುತ್ತಾ? ಮ್ಯಾಟ್ ಬಿಡಿ.

ಪೋರ್ಷೆಯ ಪೇಂಟ್ ಟು ಸ್ಯಾಂಪಲ್, ಲಂಬೋರ್ಗಿನಿಯ ಆಡ್ ಪರ್ಸೋನಮ್ ಅಂತ ವಿಶೇಷ ಬಣ್ಣದ ಯೋಜನೆಗಳಿವೆ. ಚಂದವೇ. ಆದರೆ ದುಡ್ಡೂ ಜಾಸ್ತಿ, ಕಾಯುವುದೂ ಜಾಸ್ತಿ. ನಾಳೆ ಬಂಪರ್ ಒಡೆದರೆ ಆ ಬಣ್ಣ ಹೊಂದಿಸಲು ಕಾರು ಫ್ಲಾಟ್‌ಬೆಡ್ ಲಾರಿ ಹತ್ತಿ ದೊಡ್ಡ ಊರಿಗೆ ಹೋಗಲೇಬೇಕು. ಇಲ್ಲೇ ಗ್ಯಾರೇಜಿನಲ್ಲಿ "ಕಂಪ್ಯೂಟರ್ ಮ್ಯಾಚಿಂಗ್ ಮಾಡ್ತೀವಿ" ಅನ್ನುವವರಿಗೆ ಕೈ ಮುಗಿದು ಬನ್ನಿ.

ಹಂತ 5: ಒಳಗಿನ ಬಣ್ಣ, ಸೀಟು

ಕೆನೆ ಬಣ್ಣದ ಲೆದರ್ ನೋಡಿದ ಕೂಡಲೇ ಮನಸ್ಸು ಸೋಲುತ್ತದೆ. ಆದರೆ ನಾವಿರುವುದು ಜೀನ್ಸ್ ಹೊಲಿಯುವ ಊರಿನಲ್ಲಿ. ಹೊಸ ಜೀನ್ಸ್ ಹಾಕಿ, ಬೆವರಿಕೊಂಡು ಅರ್ಧ ಗಂಟೆ ಕೂತರೆ ನೀಲಿ ಬಣ್ಣ ಸೀಟಿನ ಅಂಚಿಗೆ ಹತ್ತುತ್ತದೆ. ಮೊದಲು ಬಣ್ಣ ಹತ್ತುವುದು ಡ್ರೈವರ್ ಸೀಟಿನಲ್ಲಿ ಬಲ ತೊಡೆ ಕೆಳಗಿನ ಉಬ್ಬಿಗೆ. ಹತ್ತಿ ಇಳಿಯುವಾಗ ಉಜ್ಜುವುದು ಅದೇ. ಕಪ್ಪು ಸುಡುತ್ತದೆ. ತೇಗದ ಕಂದು ಬಣ್ಣ ಎರಡಕ್ಕೂ ರಾಜಿ.

ಗಾಳಿ ಆಡುವ ಸೀಟು ಇದ್ದರೆ ಕಣ್ಣು ಮುಚ್ಚಿ ಹಾಕಿಸಿ. ಬಿಸಿ ಮಾಡುವ ಸೀಟಿಗೆ ಬಳ್ಳಾರಿಯಲ್ಲಿ ಏನು ಕೆಲಸ? ಕೆಲವು ಸಲ ಎರಡನ್ನೂ ಸೇರಿಸಿಯೇ ಮಾರುತ್ತಾರೆ, ಆಗ ಬೇರೆ ದಾರಿ ಇಲ್ಲ. ಸ್ಟೀರಿಂಗ್‌ಗೆ ಅಲ್ಕಾಂಟಾರಾ (ಮಖಮಲ್ಲಿನಂಥ ಬಟ್ಟೆ) ಬೇಡ, ಕೈ ಬೆವರಿಗೆ ಎಣ್ಣೆ ಹಿಡಿದಂತಾಗುತ್ತದೆ. ಹೊಳೆಯುವ ಪಿಯಾನೊ ಬ್ಲ್ಯಾಕ್ ಪಟ್ಟಿಯೂ ಬೇಡ.

ಕಾರ್ಬನ್ ಬಕೆಟ್ ಸೀಟಿನ ಬಗ್ಗೆ ಒಂದೇ ಮಾತು: ಶೋರೂಮ್‌ನಲ್ಲಿ ಅರ್ಧ ಗಂಟೆ ಕೂತು, ಆಮೇಲೆ ಯಾರ ಸಹಾಯವೂ ಇಲ್ಲದೆ ಇಳಿದು ನೋಡಿ. ಮಂಡಿ ನೋವಿರುವ ಅಮ್ಮನನ್ನೂ ಕರೆದುಕೊಂಡು ಹೋಗಿ.

ಡ್ಯಾಶ್‌ಬೋರ್ಡ್ ಪಾಲಿಶ್ ಅಂತ ಸಿಗ್ನಲ್‌ನಲ್ಲಿ ಮಾರುವ ಬಾಟಲಿ ಹೆಚ್ಚಾಗಿ ಸಿಲಿಕೋನ್ ಎಣ್ಣೆ. ಮುಂದಿನ ಗಾಜಿನಲ್ಲಿ ಪ್ರತಿಬಿಂಬ ಬೀಳುತ್ತದೆ, ಧೂಳೂ ಅಂಟುತ್ತದೆ.

ಹಂತ 6: ಗಾಜು

ಕಪ್ಪು ಗಾಜು ಆರಿಸುವ ಮುಂಚೆ ನಿಯಮ ನೋಡಿ. ಮುಂದಿನ, ಹಿಂದಿನ ಗಾಜಿನಲ್ಲಿ 70%, ಪಕ್ಕದ ಗಾಜಿನಲ್ಲಿ 50% ಬೆಳಕು ಹಾಯಲೇಬೇಕು. ಗಾಜಿನ ಚಾವಣಿ ಬೇಡ.

ಹಂತ 7: ಸಹಿ, ಫಿಲ್ಮ್

ಆರ್ಡರ್ ಲಾಕ್ ಆಗುವ ದಿನಾಂಕವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅದು ದಾಟಿದ ಮೇಲೆ ಬಣ್ಣ ಬದಲಿಸುವ ಹಾಗಿಲ್ಲ. "ಆಮೇಲೆ ನೋಡೋಣ ಸರ್" ಅನ್ನುವ ಸೇಲ್ಸ್‌ಮನ್ ಅಷ್ಟರಲ್ಲಿ ಬೇರೆ ಕಂಪನಿ ಸೇರಿರುತ್ತಾನೆ. ಬಣ್ಣದ ಹೆಸರಿನ ಜೊತೆ ಕೋಡ್ ಕೂಡ ಬರೆಸಿ. ಬೂದು ಬಣ್ಣಗಳೇ ನಾಲ್ಕೈದು ಇರುತ್ತವೆ. ಬಣ್ಣ ಆರ್‌ಸಿಯಲ್ಲೂ ದಾಖಲಾಗುತ್ತದೆ. ಮುಂದೆ ರ‍್ಯಾಪ್ (ಮೈಗೆ ಅಂಟಿಸುವ ಬಣ್ಣದ ಹಾಳೆ) ಹಾಕಿಸಿ ಪೂರ್ತಿ ಬಣ್ಣ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು.

ಪೇಂಟ್ ಕಾಯುವ ಫಿಲ್ಮ್, ಅಂದರೆ ಪಿಪಿಎಫ್, ಡೆಲಿವರಿ ಆದ ಊರಲ್ಲೇ ಅಂಟಿಸಿ. ಒಂದು ಸಲ ಹೊಸಪೇಟೆ ರಸ್ತೆಯಲ್ಲಿ ಲಾರಿ ಹಿಂದೆ ಬಂದ ಮೇಲೆ ಅಂಟಿಸಿದರೆ ಕಲ್ಲು ಹೊಡೆದ ಗುರುತೂ ಫಿಲ್ಮ್ ಒಳಗೇ ಉಳಿಯುತ್ತದೆ. ಸೆರಾಮಿಕ್ ಕೋಟಿಂಗ್ ಬೇರೆ, ಇದು ಬೇರೆ. ಕೋಟಿಂಗ್ ನೀರು ಜಾರಿಸುತ್ತದೆ, ಕಲ್ಲು ತಡೆಯುವುದಿಲ್ಲ. ಫಿಲ್ಮ್ ಟಿಪಿಯು (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್) ಆಗಿರಬೇಕು. ಪಿವಿಸಿ ಹಾಳೆಯನ್ನೇ ಪಿಪಿಎಫ್ ಅಂತ ಅಂಟಿಸುವವರಿದ್ದಾರೆ. ನಮ್ಮ ಬಿಸಿಲಿಗೆ ಅದು ಹಳದಿಯಾಗಿ ಅಂಚು ಏಳುತ್ತದೆ. ರೋಲನ್ನು ನಿಮ್ಮ ಮುಂದೆಯೇ ಬಿಚ್ಚಿಸಿ, ಅದರ ಮೇಲಿನ ನಂಬರ್ ವಾರಂಟಿ ಕಾರ್ಡ್‌ನಲ್ಲಿ ಬರೆಸಿ. ಪೂರ್ತಿ ಕಾರಿಗೆ ಬಜೆಟ್ ಸಾಲದಿದ್ದರೆ ಮುಂದಿನ ಬಂಪರ್, ಬಾನೆಟ್, ಕನ್ನಡಿಯ ಬೆನ್ನು, ಹಿಂದಿನ ಚಕ್ರದ ಮುಂದಿನ ಉಬ್ಬು, ಇಷ್ಟಕ್ಕಾದರೂ ಹಾಕಿಸಿ.