ಯುಗಾದಿಗೆ ನಾನು ಬರೆಯುವ ಆಯ-ವ್ಯಯ

ಜನವರಿ ಒಂದಕ್ಕೆ ನಾನು ಯಾವ ಸಂಕಲ್ಪವನ್ನೂ ಮಾಡುವುದಿಲ್ಲ. ಹೋದ ವರ್ಷ ಹೇಗಿತ್ತು, ಮುಂದೆ ಏನು ಬೇಕು ಅಂತ ಕೂತು ಯೋಚಿಸುವುದು ಯುಗಾದಿಗೇ. ನಮ್ಮ ಹಾಸನದ ಮನೆಯಲ್ಲಿ ಅವತ್ತು ಬೇವು-ಬೆಲ್ಲ, ಒಬ್ಬಟ್ಟಿನ ಊಟ ಎಲ್ಲ ಮುಗಿದ ಮೇಲೆ ಮಾವ ಪಂಚಾಂಗ ತೆಗೆದು ಒಬ್ಬೊಬ್ಬರ ರಾಶಿಯ ಆಯ-ವ್ಯಯ ಓದುತ್ತಾರೆ. ಅದನ್ನು ಕೇಳಿ ಕೇಳಿ ನನಗೂ ಒಂದು ರೂಢಿ ಬಂತು. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಆಯ, ಬಲಕ್ಕೆ ವ್ಯಯ ಅಂತ ನನ್ನ ವರ್ಷವನ್ನು ಬರೆಯುತ್ತೇನೆ. ದುಡ್ಡಿನ ಲೆಕ್ಕ ಇದರಲ್ಲಿ ಬರುವುದಿಲ್ಲ. ಏನು ಕಲಿತೆ, ಯಾರು ಹತ್ತಿರವಾದರು, ಅದಕ್ಕೆ ಏನು ಬಿಟ್ಟುಕೊಟ್ಟೆ, ಇಷ್ಟೇ.

ಸುಮ್ನೆ ನೆನಪಿನಿಂದ ಬರೆಯಲು ಹೋದರೆ ಕೊನೆಯ ಒಂದೆರಡು ತಿಂಗಳು ಮಾತ್ರ ಕಣ್ಣ ಮುಂದೆ ಬರುತ್ತವೆ. ಅದಕ್ಕೇ ಹಳೇ ಗೋಡೆ ಕ್ಯಾಲೆಂಡರ್ ಎತ್ತಿಟ್ಟಿರುತ್ತೇನೆ. ಗ್ಯಾಸ್ ಬುಕ್ ಮಾಡಿದ ತಾರೀಖು, ಮಗಳ ಪರೀಕ್ಷೆ, ಎಲ್ಲ ಅದರಲ್ಲಿರುತ್ತದೆ. ಹಾಲು ಬೇಡ ಅಂತ ಸಾಲಾಗಿ ಗೀಟು ಹಾಕಿರುವ ವಾರ ಕಂಡರೆ, ಆಗ ಅತ್ತೆಯ ಜೊತೆ ಆಸ್ಪತ್ರೆಯಲ್ಲಿದ್ದೆ ಅಂತ ನೆನಪಾಗುತ್ತದೆ. ಯಾವ ಮಾತ್ರೆ ಯಾಕೆ ಅಂತ ಡಾಕ್ಟರನ್ನು ಬಿಡದೆ ಕೇಳಿ ಬರೆದುಕೊಂಡಿದ್ದೂ ಆ ವಾರವೇ. ಅದು ಆಯದ ಕಡೆಗೆ.

ವಿಶ್ವಾವಸು ಸಂವತ್ಸರದಲ್ಲಿ ನನಗೆ ಬಂದ ದೊಡ್ಡ ಆಯ ಅಂದರೆ ಕಾರು ಕಲಿತದ್ದು. ಎಲ್‌ಎಲ್, ಅಂದರೆ ಕಲಿಯುವವರಿಗೆ ಕೊಡುವ ಲರ್ನರ್ಸ್ ಲೈಸೆನ್ಸ್, 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ನಾನು ಅವಸರ ಮಾಡಲಿಲ್ಲ. ಕಷ್ಟದ್ದು ಏನಂದರೆ ದಿಬ್ಬದಲ್ಲಿ ನಿಂತ ಗಾಡಿಯನ್ನು ಮತ್ತೆ ಎತ್ತುವುದು. ಕ್ಲಚ್ ನಿಧಾನ ಬಿಡುತ್ತಾ ಬಂದ ಹಾಗೆ ಒಂದು ಕಡೆ ಕಾಲಿಗೆ ಸಣ್ಣ ನಡುಕ ಸಿಗುತ್ತದೆ, ಬಾನೆಟ್ ಚೂರು ಮೇಲೇಳುತ್ತದೆ, ಅಲ್ಲೇ ಕಾಲು ಹಿಡಿದಿಟ್ಟು ಆಕ್ಸಿಲೇಟರ್ ಕೊಡುತ್ತಾ ಹ್ಯಾಂಡ್‌ಬ್ರೇಕ್ ಇಳಿಸಬೇಕು. "ಹಾಫ್ ಕ್ಲಚ್ಚಲ್ಲೇ ಹಿಡೀರಿ ಮೇಡಂ, ಹಿಂದಿನವರು ಹಾರ್ನ್ ಹೊಡೆದ್ರೆ ಹೊಡ್ಕೊಳ್ಳಲಿ" ಅನ್ನುತ್ತಿದ್ದರು ಕಲಿಸಿದವರು. ಆ ಸಮಾಧಾನ ಆಫೀಸಿಗೂ ಬಂತು. ಈಗ ಯಾರಾದರೂ ಬೇಗ ಬೇಗ ಅಂದರೂ ಕಾಗದ ಪೂರ್ತಿ ಓದಿಯೇ ಸಹಿ ಹಾಕುತ್ತೇನೆ.

ಇದಕ್ಕೆ ಆದ ವ್ಯಯ, ಬೆಳಗಿನ ವಾಕಿಂಗ್ ಮತ್ತು ಅಲ್ಲಿನ ಗೆಳತಿಯರು. ಅದನ್ನೂ ಬರೆದೆ. ನನ್ನ ಪ್ರಕಾರ ಬಲಗಡೆಯ ಸಾಲೇ ಜಾಸ್ತಿ ಮುಖ್ಯ, ಏನನ್ನು ವಾಪಸ್ ತರಬೇಕು ಅಂತ ಗೊತ್ತಾಗುವುದು ಅಲ್ಲೇ ಅಲ್ವಾ?

ಮುಂದಿನ ವರ್ಷದ ಆಸೆ ಬರೆಯುವಾಗ ಒಂದೇ ನಿಯಮ. ಬರುವ ಯುಗಾದಿಗೆ "ಆಯ್ತಾ?" ಅಂತ ಕೇಳಿದರೆ ಹೌದು ಅಥವಾ ಇಲ್ಲ ಅನ್ನುವ ಹಾಗಿರಬೇಕು. "ಧೈರ್ಯ ಬರಲಿ" ಅಂತ ಬರೆದಿಟ್ಟರೆ ಏನನ್ನು ನೋಡಿ ಹೇಳುವುದು?

2026ರ ಮಾರ್ಚ್ 19ಕ್ಕೆ ಪರಾಭವ ಸಂವತ್ಸರ ಬಂತು. ಹೆಸರು ಕೇಳಿ ಕೆಲವರು ಮುಖ ಸಣ್ಣದು ಮಾಡಿದರು, ನನಗೆ ಖುಷಿಯೇ ಆಯಿತು. 60 ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರಿದು, ಅಮ್ಮ ಹುಟ್ಟಿದ್ದು 1966ರ ಪರಾಭವದಲ್ಲೇ. ಹಾಗಾಗಿ ಮೊದಲ ಆಸೆ ಅಮ್ಮನದೇ. ಅವರನ್ನು ಕೂರಿಸಿಕೊಂಡು ನಾನೇ ಗಾಡಿ ಓಡಿಸಿ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿಯುತ್ತದೆ, ಅದಕ್ಕೇ ಮೇ ಒಳಗೆ ಅಂತ ಬರೆದಿದ್ದೇನೆ. ಎರಡನೆಯದು ವಾಕಿಂಗ್. ದಿನಾ ಆಗದಿದ್ದರೂ ಭಾನುವಾರ ಖಂಡಿತ ಬರುತ್ತೇನೆ ಅಂತ ಗೆಳತಿಯರಿಗೆ ಹೇಳಿಯಾಗಿದೆ.