ಶಿವಪ್ಪ ನಾಯಕ ಅರಮನೆಗೆ ಒಂಬತ್ತನೇ ತರಗತಿಯ ಮಕ್ಕಳ ಧ್ವನಿ ಮಾರ್ಗದರ್ಶಿ

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿರುವ ಶಿವಪ್ಪ ನಾಯಕ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಒಳಗೆ ದಪ್ಪ ಮರದ ಕಂಬಗಳ ದರ್ಬಾರ್ ಹಾಲು ಇದೆ, ಮೇಲಂತಸ್ತಿನಿಂದ ಅದನ್ನು ಇಣುಕಿ ನೋಡುವ ಮೊಗಸಾಲೆಗಳಿವೆ, ಹೊರಗೆ ಅಂಗಳದಲ್ಲಿ ಕಾಳಗದಲ್ಲಿ ಸತ್ತವರ ನೆನಪಿನ ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಕಲ್ಲು, ಶಾಸನ ಮತ್ತು ದೇವಾಲಯಗಳ ಶಿಲ್ಪಗಳಿವೆ. ಬರುವವರಲ್ಲಿ ಬಹಳ ಮಂದಿ ಹಾಲಿನಲ್ಲಿ ಒಂದಷ್ಟು ಹೊತ್ತು ನಿಂತು, ಅಂಗಳದ ಕಲ್ಲುಗಳ ಮುಂದೆ ನಡಿಗೆಯನ್ನೂ ನಿಧಾನಿಸದೆ ಹೊರಟುಬಿಡುವುದನ್ನು ನಾನು ಅನೇಕ ಸಲ ಕಂಡಿದ್ದೆ. ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿಯಾಗಿ, ಈ ಕಲ್ಲುಗಳಿಗೆ ನಮ್ಮ ಮಕ್ಕಳಿಂದಲೇ ಧ್ವನಿ ಮಾರ್ಗದರ್ಶಿ ಮಾಡಿಸಬೇಕೆಂದು ಹೊರಟಾಗ ಒಂಬತ್ತನೇ ತರಗತಿಯನ್ನೇ ಆರಿಸಿಕೊಂಡೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಇಂಥ ಕೆಲಸಕ್ಕೆ ಕೇಳುವುದು ನ್ಯಾಯವಲ್ಲ; ಕೇಳಿದರೂ ಪೋಷಕರು ಬಿಡುವುದಿಲ್ಲ.

ಮುಖ್ಯೋಪಾಧ್ಯಾಯರ ಮೂಲಕ ಲಿಖಿತ ಅನುಮತಿ ಪಡೆದೆವು. ಮಕ್ಕಳ ಧ್ವನಿಯನ್ನು ಸಾರ್ವಜನಿಕವಾಗಿ ಬಳಸುವುದಕ್ಕೆ ಪೋಷಕರ ಒಪ್ಪಿಗೆಯನ್ನೂ ಬರಹದಲ್ಲಿ ತೆಗೆದುಕೊಂಡೆವು. ಧ್ವನಿಮುದ್ರಿಕೆಯಲ್ಲಿ ಮಕ್ಕಳ ಹೆಸರು ಬರುವುದಿಲ್ಲ, ತರಗತಿ ಮಾತ್ರ ಬರುತ್ತದೆ.

ಧ್ವನಿ ಮಾರ್ಗದರ್ಶಿ ಎಂದೊಡನೆ ಮಕ್ಕಳು ಮೈಕು, ಹಿನ್ನೆಲೆ ಸಂಗೀತ, ಆ್ಯಪ್ ಎಂದೆಲ್ಲ ಯೋಚಿಸಿದರು. ನಾನು ಆ ಮಾತನ್ನೇ ಎತ್ತದೆ, ಮೊದಲು ಒಬ್ಬೊಬ್ಬರನ್ನು ಒಂದೊಂದು ಕಲ್ಲಿನ ಮುಂದೆ ಕೂರಿಸಿ, ಕಾಣುವುದನ್ನಷ್ಟೇ ಬರೆಯಿರಿ ಎಂದೆ. ಕೇಳುಗನ ಕಣ್ಣನ್ನು ಕಲ್ಲಿನ ಸರಿಯಾದ ಜಾಗಕ್ಕೆ ಕರೆದೊಯ್ಯುವುದೇ ಈ ಮಾಧ್ಯಮದ ಕೆಲಸ. ಉಳಿದ ಇತಿಹಾಸವನ್ನು ಆತ ಮನೆಗೆ ಹೋಗಿ ಪುಸ್ತಕದಲ್ಲಿ ಓದಿಕೊಳ್ಳಬಹುದು. ಆದ್ದರಿಂದ ನೋಡುವುದನ್ನು ಕಲಿಯದ ಹುಡುಗ ಎಷ್ಟು ಚೆನ್ನಾಗಿ ಮಾತನಾಡಿದರೂ ಅವನ ಮುದ್ರಿಕೆ ಪಾಠದಂತೆಯೇ ಕೇಳಿಸುತ್ತದೆ.

ಒಂದು ವೀರಗಲ್ಲಿನ ಉದಾಹರಣೆಯನ್ನೇ ಕೊಡುತ್ತೇನೆ. ಅದರಲ್ಲಿ ಮೂರು ಪಟ್ಟಿಕೆಗಳಿವೆ. ಪುಸ್ತಕ ಓದುವ ಅಭ್ಯಾಸದಿಂದ ಮಕ್ಕಳೆಲ್ಲ ಮೇಲಿನಿಂದ ಕೆಳಕ್ಕೆ ವಿವರಿಸತೊಡಗಿದರು. ಹಾಗೆ ಓದಿದರೆ ವೀರ ಮೊದಲು ಶಿವಲಿಂಗದ ಮುಂದೆ ಕೈಮುಗಿದು ಕೂತು, ಆಮೇಲೆ ಅಪ್ಸರೆಯರ ನಡುವೆ ಕೆಳಗಿಳಿದು, ಕೊನೆಗೆ ಯುದ್ಧ ಮಾಡಿದಂತಾಗುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ, ಮೇಲೆ ಕೈಲಾಸ, ತುದಿಯಲ್ಲಿ ಸೂರ್ಯ ಚಂದ್ರರು. ಒಬ್ಬ ಹುಡುಗಿ ಮಂಡಿಯೂರಿ ಕುಳಿತು ತಳದ ಪಟ್ಟಿಕೆಯನ್ನು ಬಹಳ ಹೊತ್ತು ನೋಡಿ, "ಮಿಸ್, ಇವನ ಬೆನ್ನ ಹಿಂದೆ ಇರೋದು ಬರೀ ದನಗಳ ತಲೆ, ಒಂದರ ಹಿಂದೆ ಒಂದು" ಎಂದಳು. ಶಿಲ್ಪಿ ಇಡೀ ಮಂದೆಯನ್ನು ಕೆತ್ತಲು ಜಾಗವಿಲ್ಲದೆ ತಲೆಗಳನ್ನಷ್ಟೇ ಸಾಲಾಗಿ ಜೋಡಿಸಿದ್ದ. ತುರುಗೊಳ್ ಎಂದರೆ ದನಗಳನ್ನು ಅಪಹರಿಸುವ ದಾಳಿ, ಅದನ್ನು ತಡೆಯಲು ಹೋಗಿ ಸತ್ತವರಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು ಎಂಬುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆ ತಲೆಗಳ ಸಾಲನ್ನು ಕಂಡ ಮೇಲೆ ಯಾರಿಗೂ ಅದನ್ನು ಮತ್ತೆ ಹೇಳಬೇಕಾಗಲಿಲ್ಲ. ಅವಳ ಮುದ್ರಿಕೆ ಶುರುವಾಗುವುದೂ ಹಾಗೆಯೇ: "ಸಾಧ್ಯವಾದರೆ ಸ್ವಲ್ಪ ಬಗ್ಗಿ. ಕೆಳಗಿನ ಪಟ್ಟಿಕೆಯಲ್ಲಿ, ಕತ್ತಿ ಹಿಡಿದವನ ಹಿಂದೆ ಎಷ್ಟು ದನಗಳಿವೆ, ಎಣಿಸಿ."

ಎಡ ಬಲಗಳ ವಿಷಯ ಬೇಗ ಇತ್ಯರ್ಥವಾಗಬೇಕು. ಶಿಲ್ಪದ ಬಲಗೈ ನೋಡುವವನ ಎಡಕ್ಕಿರುತ್ತದೆ. ಮೂರ್ತಿಶಿಲ್ಪದ ಪುಸ್ತಕಗಳು ಮೂರ್ತಿಯ ಬಲಗೈಯನ್ನೇ ಬಲಗೈ ಎನ್ನುತ್ತವೆ; ನಾವು ಮಾತ್ರ ಎಲ್ಲ ಕಡೆಯೂ "ನಿಮ್ಮ ಎಡಕ್ಕೆ", "ನಿಮ್ಮ ಬಲಕ್ಕೆ" ಎಂದೇ ಹೇಳುವುದೆಂದು ತೀರ್ಮಾನಿಸಿದೆವು.

ಬರೆದದ್ದನ್ನು ತಿದ್ದುವಾಗ ನಾನು ಪ್ರತಿ ವಾಕ್ಯದ ಪಕ್ಕದಲ್ಲಿ ಮಕ್ಕಳಿಂದಲೇ ಒಂದು ಗುರುತು ಹಾಕಿಸಿದೆ. ಇದು ಕಲ್ಲಿನ ಮೇಲೆ ಕಾಣುತ್ತದೆಯೋ, ಶಾಸನದಲ್ಲಿ ಬರೆದಿದೆಯೋ, ಅಥವಾ ಯಾರೋ ಹೇಳಿದ್ದೋ? ಮೂರನೆಯ ಬಗೆಯ ವಾಕ್ಯದಲ್ಲಿ ಹೇಳಿದವರು ಯಾರೆಂಬುದು ಇರಲೇಬೇಕು. ಅರಮನೆಯ ಕತೆಯೇ ಇದಕ್ಕೆ ಒಳ್ಳೆಯ ನಿದರ್ಶನ. ಹೆಸರು 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನದು. ಆದರೆ ಈಗಿರುವ ಕಟ್ಟಡ 18ನೇ ಶತಮಾನದಲ್ಲಿ ಹೈದರಾಲಿಯ ಕಾಲದ್ದಿರಬೇಕು ಎನ್ನುವ ವಿದ್ವಾಂಸರಿದ್ದಾರೆ. ಊರಿನ ಅಭಿಮಾನದಿಂದ ಕೆಲವು ಮಕ್ಕಳು ಎರಡನೆಯ ಮಾತನ್ನು ಬಿಟ್ಟುಬಿಡೋಣ ಎಂದರು. ನಾನು ಒಪ್ಪಲಿಲ್ಲ, ಎರಡೂ ಮಾತು ಮುದ್ರಿಕೆಯಲ್ಲಿವೆ.

ಶಾಸನದ ಓದಿಗೆ ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದಲ್ಲಿ ಶಿವಮೊಗ್ಗ ಜಿಲ್ಲೆಯ ಎರಡು ಸಂಪುಟಗಳನ್ನು, ಅಂದರೆ 7 ಮತ್ತು 8ನ್ನು, ಆಧಾರವಾಗಿಟ್ಟುಕೊಂಡೆವು. ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ಕಲ್ಲು ಯಾವ ಊರಿನದೆಂದು ತಿಳಿದಿದ್ದರೆ ಹುಡುಕುವುದು ಮಕ್ಕಳಿಗೂ ಸಾಧ್ಯ. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಮಾಡುವ ಲೆಕ್ಕವನ್ನು ಅವರು ಆಟದಂತೆ ಕಲಿತರು.

ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಪ್ರಸಂಗವನ್ನು ಸೇರಿಸಬೇಕೆಂಬ ಒತ್ತಾಯ ಬಹಳವಾಗಿ ಬಂತು. ರೋಮಾಂಚಕ ಪ್ರಸಂಗವೇನೋ ಹೌದು, ಆದರೆ ನಾವು ಆರಿಸಿಕೊಂಡ ವಸ್ತುಗಳಲ್ಲಿ ಒಂದೂ ಅದನ್ನು ಕಣ್ಣಿಗೆ ತೋರಿಸುತ್ತಿರಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆವು. ಅದನ್ನು ಆಮೇಲೆ ಶಾಲಾ ವಾರ್ಷಿಕೋತ್ಸವದಲ್ಲಿ ನಾಟಕ ಮಾಡಿಕೊಂಡರು.

ಹೆಚ್ಚು ಚರ್ಚೆ ನಡೆದದ್ದು ಮಾಸ್ತಿಕಲ್ಲಿನ ಬಗ್ಗೆ. ಕಂಬದಿಂದ ಹೊರಚಾಚಿ ಮೇಲೆತ್ತಿದ ಒಂದು ಕೈ, ಮೊಣಕೈಯ ಬಾಗು, ಒಡೆಯದ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು. ಹುಡುಗರ ಗುಂಪಿನ ಮೊದಲ ಕರಡಿನಲ್ಲಿ "ಮಹಾತ್ಯಾಗ", "ಪುಣ್ಯವಂತೆ" ಎಂಬ ಮಾತುಗಳಿದ್ದವು. ಸತಿ ಪದ್ಧತಿಯನ್ನು ವೈಭವೀಕರಿಸುವುದು 1987ರ ಕಾಯ್ದೆಯ ಪ್ರಕಾರ ಅಪರಾಧ ಎಂದು ತಿಳಿಸಿದೆ. ಆದರೆ ಕರಡು ಬದಲಾದದ್ದು ಕಾಯ್ದೆಯಿಂದಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಅವಳನ್ನು ಯಾರಾದರೂ ಕೇಳಿದ್ದರಾ ಮಿಸ್?" ಎಂದು ಕೇಳಿದಳು. ಈಗಿನ ಮುದ್ರಿಕೆ ಆ ಕೈಯನ್ನು, ಬಳೆಗಳನ್ನು, ನಿಂಬೆಹಣ್ಣನ್ನು ತೋರಿಸಿ, ಗಂಡನ ಚಿತೆಯಲ್ಲಿ ಸತ್ತ ಹೆಂಗಸಿನ ನೆನಪಿಗೆ ಇದನ್ನು ನಿಲ್ಲಿಸಲಾಗಿದೆ ಎಂದು ತಿಳಿಸಿ, ಅವಳ ಇಚ್ಛೆ ಏನಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ ಎಂಬ ಮಾತಿಗೆ ನಿಲ್ಲುತ್ತದೆ.

ಮುದ್ರಣದ ಭಾಗ ಸುಲಭ. ಅರಮನೆಯ ಹಾಲಿನಲ್ಲಿ ದನಿ ಗುಂಯ್‌ಗುಟ್ಟುತ್ತದೆ, ಅಂಗಳದಲ್ಲಿ ಆಟೋಗಳ ಹಾರ್ನು. ಹಾಗಾಗಿ ಶಾಲೆಯ ಗ್ರಂಥಾಲಯದಲ್ಲಿ ಬೀರುಗಳ ನಡುವೆ ಜಮಖಾನ ತೂಗುಹಾಕಿ ರೆಕಾರ್ಡ್ ಮಾಡಿದೆವು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ಕೊಂಚ ಓರೆಯಾಗಿ ಇಟ್ಟರೆ ಪಕಾರ ಭಕಾರಗಳ ಗಾಳಿ ಬಡಿಯುವುದಿಲ್ಲ. ಮಾತಿಗೆ ಮೊದಲು ಕೆಲವು ಸೆಕೆಂಡು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡಿದ್ದರೆ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಅದನ್ನು ಮಾದರಿಯಾಗಿಟ್ಟುಕೊಂಡು ಫ್ಯಾನಿನ ಸದ್ದನ್ನು ತಗ್ಗಿಸುತ್ತದೆ. ಕಷ್ಟವಾದದ್ದು ವಾರ್ತೆ ಓದುವ ಧಾಟಿಯನ್ನು ಬಿಡಿಸುವುದು. ಹಾಳೆಯನ್ನು ಕಸಿದುಕೊಂಡು, ಎದುರಿಗೆ ಒಬ್ಬ ಗೆಳೆಯನನ್ನು ಕೂರಿಸಿ, ಕಲ್ಲಿನ ಫೋಟೋ ತೋರಿಸುತ್ತ ಅವನಿಗೆ ಹೇಳು ಎಂದಾಗ ಮಾತು ತಾನಾಗಿ ಸಡಿಲವಾಯಿತು.

ಪ್ರತಿ ಮುದ್ರಿಕೆಯನ್ನು ಒಂದೂವರೆ ನಿಮಿಷಕ್ಕೆ ಮಿತಿಗೊಳಿಸಿದೆವು. ಬಿಸಿಲಿನಲ್ಲಿ ನಿಂತವರು ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. 64 ಕೆಬಿಪಿಎಸ್ ಮೋನೋ ಎಂಪಿ3 ಆಗಿ ಉಳಿಸಿದರೆ ಅಷ್ಟು ಉದ್ದದ ಕಡತ ಸುಮಾರು 700 ಕೆಬಿ ಆಗುತ್ತದೆ, ಮಾತಿನ ಸ್ಪಷ್ಟತೆಯೂ ಕೆಡುವುದಿಲ್ಲ. ಕ್ಯೂಆರ್ ಕೋಡನ್ನು ಯಾವ ಕಲ್ಲಿಗೂ ಅಂಟಿಸಲಿಲ್ಲ. ಅಂಟು ಕಲ್ಲಿಗೆ ಕೇಡು, ನಮ್ಮ ಮಳೆಗಾಲ ಕಾಗದಕ್ಕೆ ಕೇಡು. ಎಲ್ಲ ಮುದ್ರಿಕೆಗಳೂ ಒಟ್ಟಿಗೆ ಸಿಗುವ ಒಂದೇ ಕೋಡನ್ನು ಪ್ರವೇಶದ್ವಾರದ ಬಳಿ ಇರಿಸಿ, ಅಂಗಳದಲ್ಲಿ ಸಣ್ಣ ಸಂಖ್ಯಾಫಲಕಗಳನ್ನು ನಿಲ್ಲಿಸಿದೆವು. ಕಿವಿ ಕೇಳದವರಿಗಾಗಿ ಮತ್ತು ಫೋನ್ ಇಲ್ಲದವರಿಗಾಗಿ ಅದೇ ಬರಹವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ ಪ್ರತಿ ಕೌಂಟರಿನಲ್ಲಿದೆ. ಕಲ್ಲುಗಳನ್ನು ಆಗಾಗ ಸ್ಥಳಾಂತರಿಸುವುದುಂಟಾದ್ದರಿಂದ ಸಂಖ್ಯೆಯನ್ನು ಜಾಗಕ್ಕೆ ಕೊಡದೆ ಕಲ್ಲಿಗೇ ಕೊಟ್ಟಿದ್ದೇವೆ. ಪ್ರತಿ ಜೂನ್‌ನಲ್ಲಿ ಹೊಸ ತಂಡ ಪಟ್ಟಿ ಹಿಡಿದು ಹೋಗಿ ಫಲಕ, ಕಲ್ಲು, ಮುದ್ರಿಕೆ ಮೂರೂ ತಾಳೆಯಾಗುತ್ತವೆಯೇ ಎಂದು ನೋಡಿ ಬರುತ್ತದೆ.