ಮಾರ್ಟಿನಿ-ಹೆನ್ರಿಗೆ ನಾನು ತೋಟಾ ತುಂಬುವ ಬಗೆ

ಮಾರ್ಟಿನಿ-ಹೆನ್ರಿ ಅನ್ನುವ ಹಳೇ ಬ್ರಿಟಿಷ್ ಸೇನಾ ರೈಫಲಿಗೆ ಬೇಕಾದ .577/450 ಅನ್ನುವ ತೋಟಾ ಈಗ ಅಂಗಡಿಯಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ನಿಮ್ಮ ಕೈಲಿರುವ ಕೋವಿಗೆ ಅದು ಒಗ್ಗುತ್ತದೆ ಅಂತ ಹೇಳಲಾಗುವುದಿಲ್ಲ. ಮಾರ್ಟಿನಿ-ಹೆನ್ರಿಯನ್ನು ಸುಮ್ನೆ ಗೋಡೆಗೆ ನೇತುಹಾಕದೆ ಹೊಡೆಯಬೇಕು ಅಂತಿದ್ದರೆ ತೋಟಾ ನಾವೇ ತುಂಬಿಕೊಳ್ಳಬೇಕು, ಬೇರೆ ದಾರಿ ಇಲ್ಲ. ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ. ಈಗಿನ ಕಾಲದ ತೋಟಾ ತುಂಬಿ ರೂಢಿ ಇರುವವರಿಗೆ ಇದು ವಿಚಿತ್ರ ಅನ್ನಿಸಬಹುದು, ಯಾಕಂದ್ರೆ ಅಲ್ಲಿ ತಲೆಕೆಡಿಸಿಕೊಳ್ಳುವುದೆಲ್ಲ ಮದ್ದಿನ ತೂಕದ ಬಗ್ಗೆ, ಇಲ್ಲಿ ಮದ್ದು ಅಳೆಯುವುದೇ ಎಲ್ಲಕ್ಕಿಂತ ಸಲೀಸಾದ ಕೆಲಸ. ಮದ್ದಿಗೂ ಗುಂಡಿಗೂ ನಡುವೆ ಏನಿಡುತ್ತೀರಿ, ನಳಿಗೆಯಲ್ಲಿ ಕೂರುವ ಮಸಿಯನ್ನು ಹೇಗೆ ನಿಭಾಯಿಸುತ್ತೀರಿ, ಪೂರ್ತಿ ಆಟ ಇರುವುದು ಅದರಲ್ಲೇ.

ಕೋವಿ, ಕರಿಮದ್ದು, ಪ್ರೈಮರ್ (ತೋಟಾದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಮನೆಯಲ್ಲಿ ತೋಟಾ ತುಂಬುವುದು, ಇವಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ಕೆಲವು ಕಡೆ ಬಿಡುವುದೇ ಇಲ್ಲ. ಅದನ್ನು ಮೊದಲು ವಿಚಾರಿಸಿಕೊಂಡು ಆಮೇಲೆ ಮುಂದಿನದನ್ನು ಓದಿ.

ಬ್ರಿಟಿಷ್ ಸೇನೆ ಈ ರೈಫಲನ್ನು 1871ರಲ್ಲಿ ಒಪ್ಪಿಕೊಂಡಿತು. ಕೆಳಗಿನ ಲಿವರ್ ಎಳೆದರೆ ಹಿಂಭಾಗ ತೆರೆದುಕೊಳ್ಳುವ ಯಂತ್ರ ಸ್ವಿಟ್ಜರ್ಲೆಂಡಿನಲ್ಲಿದ್ದ ಫ್ರೆಡ್ರಿಕ್ ಫಾನ್ ಮಾರ್ಟಿನಿಯದು, ಗುಂಡನ್ನು ತಿರುಗಿಸುವ, ನಳಿಗೆಯ ಒಳಗಿನ ಸುರುಳಿ ತಗ್ಗು-ಉಬ್ಬು ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯದು. ಆಗಿನ ತೋಟಾದಲ್ಲಿ 85 ಗ್ರೇನ್ ಕರಿಮದ್ದು ಇರುತ್ತಿತ್ತು, ಅಂದರೆ ಸುಮಾರು 5.5 ಗ್ರಾಂ. ಗುಂಡು 480 ಗ್ರೇನ್, ಹತ್ತಿರ ಹತ್ತಿರ 31 ಗ್ರಾಂ. ವೇಗ ಸೆಕೆಂಡಿಗೆ 1350 ಅಡಿಯ ಆಸುಪಾಸು. ಇದೇನು ದೊಡ್ಡ ವೇಗ ಅಲ್ಲ, ಆದರೆ ಅಷ್ಟು ತೂಕದ ಸೀಸ ಅಷ್ಟು ವೇಗದಲ್ಲಿ ಹೊರಟರೆ ಭುಜಕ್ಕೆ ಗೊತ್ತಾಗುತ್ತದೆ.

ಆ ತೋಟಾದ ಕೇಸ್, ಅಂದರೆ ಮದ್ದು ತುಂಬುವ ಹೊರಗಿನ ಕವಚ, ಈಗಿನ ಹಾಗೆ ಒಂದೇ ತುಂಡು ಹಿತ್ತಾಳೆಯದಲ್ಲ. ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ, ಅಡಿಗೆ ಕಬ್ಬಿಣದ ಬಿಲ್ಲೆ ಕೂರಿಸಿದ್ದು. ನಳಿಗೆಯ ಹಿಂದುಗಡೆ ತೋಟಾ ಕೂರುವ ಗೂಡು, ಅಂದರೆ ಚೇಂಬರ್, ಬಿಸಿಯಾಗಿ ಮಸಿ ಹಿಡಿದ ಮೇಲೆ ಅದು ಒಳಗೇ ಕಚ್ಚಿಕೊಳ್ಳುತ್ತಿತ್ತು, ಅಡಿ ಮಾತ್ರ ಕಿತ್ತು ಬರುತ್ತಿತ್ತು. 1880ರ ದಶಕದಲ್ಲಿ ಗಟ್ಟಿ ಹಿತ್ತಾಳೆಯ ಕೇಸ್ ಬಂದದ್ದು ಈ ಕಾಟಕ್ಕೇ. ನಮಗೆ ಇದರಿಂದ ಆಗುವ ಪರಿಣಾಮ ಏನಂದ್ರೆ, ಸುರುಳಿ ಬಿಚ್ಚಿಕೊಂಡು ಹಿಗ್ಗುವ ಕೇಸಿಗಾಗಿ ಕೊರೆದ ಚೇಂಬರ್ ಸ್ವಲ್ಪ ಸಡಿಲವಾಗಿರುತ್ತದೆ. ಒಂದೊಂದು ಕೋವಿಯದು ಒಂದೊಂದು ಥರ.

ಹಾಗಾಗಿ ಮೊದಲ ಕೆಲಸ ಕೋವಿ ನೋಡುವುದು. ಖೈಬರ್ ಕಣಿವೆಯ ಕಡೆ ಕೈಯಲ್ಲಿ ಮಾಡಿದ ನಕಲು ಮಾರ್ಟಿನಿಗಳು ಬೇಕಾದಷ್ಟಿವೆ. ಮುದ್ರೆಯಲ್ಲಿ ಅಕ್ಷರ ತಲೆಕೆಳಗಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ಅದನ್ನು ಗೋಡೆಗೇ ಬಿಡಿ. 2003ರಲ್ಲಿ ನೇಪಾಳದ ಹಳೇ ಶಸ್ತ್ರಾಗಾರದಿಂದ ದೊಡ್ಡ ಸಂಗ್ರಹ ಹೊರಗೆ ಬಂತಲ್ಲ, ಅದರಲ್ಲಿ ಒಳ್ಳೇ ಬ್ರಿಟಿಷ್ ಮಾರ್ಟಿನಿಗಳೂ ಇದ್ದವು, ನೋಡಲು ಮಾರ್ಟಿನಿ ಥರವೇ ಇರುವ ನೇಪಾಳದ್ದೇ ಆದ ಗಹೇಂದ್ರ ಕೋವಿಗಳೂ ಇದ್ದವು. ಗಹೇಂದ್ರಕ್ಕೆ ನಾನಂತೂ ತೋಟಾ ತುಂಬುವುದಿಲ್ಲ. ಅಸಲಿ ಕೋವಿಯಾದರೂ ಹಳೇ ಕೋವಿ ಬಲ್ಲ ಒಬ್ಬ ಗನ್‌ಸ್ಮಿತ್ ಕೈಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂದಿನ ಮಾತು. ಮತ್ತೆ, ಇದಕ್ಕೆ ಕರಿಮದ್ದು ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ. ಹೊಗೆಯಿಲ್ಲದ ಮದ್ದಿನಲ್ಲಿ ಸ್ವಲ್ಪವೇ ಹಾಕಿದರೆ ಆಯ್ತು ಅನ್ನುವವರು ಸಿಗುತ್ತಾರೆ. ದೊಡ್ಡ ಹೊಟ್ಟೆಯ ಕೇಸಿನ ತಳದಲ್ಲಿ ಒಂದು ಚಿಟಿಕೆ ಮದ್ದು ಅತ್ತಿತ್ತ ಹೊರಳಾಡುತ್ತಿದ್ದರೆ ಒತ್ತಡ ಎಷ್ಟಕ್ಕೆ ಏರುತ್ತದೆ ಅಂತ ಯಾರೂ ಹೇಳಲಾರರು, ಅಲ್ವಾ?

ಆಮೇಲೆ ಅಳತೆ. ಮೆತ್ತನೆ ಸೀಸದ ತುಂಡೊಂದನ್ನು ಎಣ್ಣೆ ಸವರಿ ನಳಿಗೆಯಲ್ಲಿ ತಳ್ಳಿ ಹೊರತೆಗೆದು ಅದರ ದಪ್ಪ ಅಳೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಇಲ್ಲಿ ಒಂದು ತೊಡಕಿದೆ. ಹೆನ್ರಿ ನಳಿಗೆಯಲ್ಲಿ ಏಳು ಮುಖ. ಬೆಸ ಸಂಖ್ಯೆ ಆದ್ದರಿಂದ ಒಂದು ತಗ್ಗಿನ ಎದುರಿಗೆ ಇನ್ನೊಂದು ತಗ್ಗು ಬರುವುದಿಲ್ಲ, ಉಬ್ಬು ಬರುತ್ತದೆ. ಮಾಮೂಲಿ ಕ್ಯಾಲಿಪರ್ ಹಿಡಿದರೆ ಬರುವ ಅಂಕಿ ಸುಳ್ಳು. ಕೆಳಗೆ ವಿ ಆಕಾರದ ಒರಗು ಇರುವ ಮೈಕ್ರೋಮೀಟರ್ ಬೇಕು. ಅದಿಲ್ಲದಿದ್ದರೆ ದಪ್ಪ ಗೊತ್ತಿರುವ ತೆಳು ಲೋಹದ ಹಾಳೆಯನ್ನು ಸೀಸದ ತುಂಡಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ ಅಳೆದು, ಹಾಳೆಯ ದಪ್ಪವನ್ನು ಎರಡು ಸಲ ಕಳೆಯಿರಿ. ನಾನು ಹಾಗೇ ಮಾಡುತ್ತೇನೆ. ತಗ್ಗಿನಿಂದ ತಗ್ಗಿಗೆ .464ರಿಂದ .468 ಇಂಚಿನವರೆಗೂ ಸಿಗುತ್ತದೆ, ಹೆಸರಲ್ಲಿರುವ .450 ನೋಡಿ ಗುಂಡಿನ ಅಚ್ಚು ತರಿಸಿದರೆ ಕೆಟ್ಟಿರಿ. ಚೇಂಬರಿನ ಅಳತೆಗೆ ಸೆರೋಸೇಫ್ ಅನ್ನುವ ಮಿಶ್ರಲೋಹ ಬಳಸುತ್ತೇನೆ. ನೀರು ಕುದಿಯುವ ಬಿಸಿಗಿಂತ ಕಡಿಮೆಗೇ ಕರಗುತ್ತದೆ. ಆರಿದಾಗ ಕುಗ್ಗಿ ಸಲೀಸಾಗಿ ಹೊರಬರುತ್ತದೆ, ಎರಕ ಹೊಯ್ದು ಒಂದು ಗಂಟೆ ಹೊತ್ತಿಗೆ ಹಿಗ್ಗಿ ಚೇಂಬರಿನ ಅಳತೆಗೆ ಸರಿಯಾಗಿ ಬಂದಿರುತ್ತದೆ. ಆಗಲೇ ಅಳೆದುಬಿಡಬೇಕು. ದಿನ ಬಿಟ್ಟು ಅಳೆದರೆ ಇನ್ನೂ ಹಿಗ್ಗಿರುತ್ತದೆ.

ಕೇಸಿಗೆ ಎರಡು ದಾರಿ. ಇದೇ ಅಳತೆಗೆ ಮಾಡಿದ ಕೇಸ್ ಕೊಳ್ಳಬಹುದು, ಬರ್ಟ್ರಮ್‌ನವರದು ಸಿಗುತ್ತದೆ. ಇಲ್ಲವಾದರೆ ಮ್ಯಾಗ್‌ಟೆಕ್‌ನ 24 ಬೋರ್ ಚರೆ ತೋಟಾದ ಖಾಲಿ ಹಿತ್ತಾಳೆ ಕೇಸ್ ತಂದು ಬಾಯಿ ಕಡೆ ಕಿರಿದು ಮಾಡಿ ಕುತ್ತಿಗೆ ತಂದುಕೊಳ್ಳಬಹುದು. ನನಗೆ ಎರಡನೆಯದೇ ಇಷ್ಟ. ಗೋಡೆ ತೆಳು, ಒಳಗೆ ಜಾಗ ಜಾಸ್ತಿ, ಸಡಿಲ ಚೇಂಬರಿಗೆ ಒಗ್ಗುವಷ್ಟು ಮೆತ್ತಗೆ. ಪ್ರೈಮರ್ ಗುಣಿ ಮಾತ್ರ ದೊಡ್ಡ ಪಿಸ್ತೂಲ್ ಪ್ರೈಮರಿನದು, ರೈಫಲ್ ಪ್ರೈಮರ್ ಒತ್ತಿ ಕೂರಿಸಲು ಹೋಗಬೇಡಿ.

ನೇರ ಕೊಳವೆಯಂತಿರುವ ಕೇಸಿಗೆ ಕುತ್ತಿಗೆ ತರಿಸಲು ಮೊದಲು ಅದರ ಮೇಲರ್ಧ ಕಾಯಿಸಿ ಮೆತ್ತಗೆ ಮಾಡಬೇಕು. ತಟ್ಟೆಯಲ್ಲಿ ನೀರು ಹಾಕಿ ಕೇಸುಗಳನ್ನು ನಿಲ್ಲಿಸುತ್ತೇನೆ, ನೀರು ಅರ್ಧಕ್ಕೆ ಬರುವ ಹಾಗೆ. ದೀಪ ಆರಿಸಿ, ಮಬ್ಬುಗತ್ತಲಲ್ಲಿ ಬಾಯಿಗೆ ಜ್ವಾಲೆ ಹಿಡಿದು ತಿರುಗಿಸುತ್ತೇನೆ. ಹಿತ್ತಾಳೆಯ ಹೊಳಪು ಮೊದಲು ನೀಲಿಗೆ ತಿರುಗುತ್ತದೆ, ಆಮೇಲೆ ಕಂಡೂ ಕಾಣದ ಹಾಗೆ ಒಂದು ಮಂಕು ಕೆಂಪು ಬರುತ್ತದೆ. ಅದು ಕಂಡ ತಕ್ಷಣ ನೀರಿಗೆ ಉರುಳಿಸಿಬಿಡಬೇಕು. ಬೆಳಕಿನಲ್ಲಿ ಮಾಡಿದರೆ ಆ ಕೆಂಪು ಕಾಣುವಷ್ಟರಲ್ಲಿ ಹಿತ್ತಾಳೆ ಅತಿಯಾಗಿ ಕಾದಿರುತ್ತದೆ. ಬುಡಕ್ಕಂತೂ ಬಿಸಿ ತಾಗಲೇಬಾರದು, ಒತ್ತಡ ತಡೆಯುವುದು ಬುಡ. ನಂತರ ಡೈ, ಅಂದರೆ ಕೇಸನ್ನು ಒತ್ತಿ ಆಕಾರಕ್ಕೆ ತರುವ ಉಕ್ಕಿನ ಅಚ್ಚು. ಇದು 1¼ ಇಂಚಿನ ದೊಡ್ಡ ಡೈ, ಅದಕ್ಕೆ ತಕ್ಕ ಪ್ರೆಸ್ಸೂ ಬೇಕು. ಒಂದೇ ಏಟಿಗೆ ಒತ್ತಬೇಡಿ. ಸ್ವಲ್ಪ ಒತ್ತಿ, ಹೊರತೆಗೆದು, ಮೇಣ ಸವರಿ, ತಿರುಗಿಸಿ, ಮತ್ತೆ ಒತ್ತಿ. ಮೇಣ ಜಾಸ್ತಿಯಾದರೆ ಕೇಸಿನ ಭುಜದ ಮೇಲೆ, ಅಂದರೆ ಮೈ ಕುತ್ತಿಗೆಗೆ ಕಿರಿದಾಗುವ ಕಡೆ, ಗುಳಿ ಬೀಳುತ್ತದೆ, ಕಡಿಮೆಯಾದರೆ ಕೇಸ್ ಡೈಯಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಉದ್ದ ಕತ್ತರಿಸಿ ಬಾಯಿ ಸವರಿದರೆ ಕೇಸ್ ತಯಾರು. ಮೊದಲ ಈಡಿನಲ್ಲಿ ಅದು ಹಿಗ್ಗಿ ನಿಮ್ಮ ಚೇಂಬರಿನ ಆಕಾರಕ್ಕೆ ಬರುತ್ತದೆ.

ಇನ್ನು ಗುಂಡು. ಹಳೇ ಸೇನಾ ಗುಂಡಿನಲ್ಲಿ ಹನ್ನೆರಡು ಪಾಲು ಸೀಸಕ್ಕೆ ಒಂದು ಪಾಲು ತವರ. ನಾನು ಇಪ್ಪತ್ತಕ್ಕೆ ಒಂದು ಹಾಕುತ್ತೇನೆ, ಸ್ವಲ್ಪ ಮೆತ್ತಗಿರುತ್ತದೆ, ಮದ್ದಿನ ಏಟಿಗೆ ಉಬ್ಬಿ ನಳಿಗೆಗೆ ಚೆನ್ನಾಗಿ ಕೂರುತ್ತದೆ. ಗಾಳಿ ಆಡುವ ಕಡೆ ಎರಕ ಹೊಯ್ಯಿರಿ. ಕರಗಿದ ಸೀಸದ ಹತ್ತಿರ ನೀರಿನ ಒಂದು ಹನಿಯೂ ಸುಳಿಯಬಾರದು, ಬಿದ್ದರೆ ಸೀಸ ಸಿಡಿಯುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಗುಂಡಿಗೆ ಕಾಗದ ಸುತ್ತುವುದು ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಭಾಗ. ಹೊರಗಿನವರಿಗೆ ಇದು ಹಳೇ ಕಾಲದ ಶೋಕಿ ಅನ್ನಿಸುತ್ತದೆ. ಅಲ್ಲ. ಕಾಗದ ಇದ್ದರೆ ಸೀಸ ನಳಿಗೆಯ ಲೋಹಕ್ಕೆ ತಾಗುವುದೇ ಇಲ್ಲ, ಜೊತೆಗೆ ಹಿಂದಿನ ಈಡಿನ ಮಸಿಯನ್ನು ಅದೇ ಒರೆಸಿಕೊಂಡು ಹೋಗುತ್ತದೆ. ಹತ್ತಿ ನಾರಿನ ತೆಳು ಕಾಗದ ಬೇಕು, ಒದ್ದೆಯಾದಾಗ ಹಿಗ್ಗಿ ಒಣಗಿದಾಗ ಬಿಗಿಯುವಂಥದ್ದು. ಎರಡು ಸುತ್ತು ಅಂದರೆ ಎರಡೂ ಬದಿ ಸೇರಿ ನಾಲ್ಕು ಪದರ. ಕಾಗದ ಇಂಚಿನ ಸಾವಿರದಲ್ಲಿ 2 ಭಾಗ ದಪ್ಪ ಇದ್ದರೆ ಗುಂಡು 8 ಭಾಗ ದಪ್ಪವಾಗುತ್ತದೆ. ಅಚ್ಚು ಆರಿಸುವಾಗಲೇ ಇದನ್ನು ಕಳೆದು ಲೆಕ್ಕ ಹಾಕಿಕೊಳ್ಳಬೇಕು. ಪಟ್ಟಿಯ ಎರಡೂ ತುದಿ ಓರೆಯಾಗಿ ಕತ್ತರಿಸುತ್ತೇನೆ, ಸುತ್ತಿದಾಗ ಒಂದರ ಪಕ್ಕ ಇನ್ನೊಂದು ಬಂದು ನಿಲ್ಲಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದರೆ ಒಂದು ಕಡೆ ದಪ್ಪ, ಗುಂಡು ಓರೆ. ಕಾಗದವನ್ನು ನೀರಲ್ಲಿ ಅದ್ದಿ, ಹೆಚ್ಚಿನ ನೀರು ಜಾರಿಸಿ, ಬೀಡಿ ಸುತ್ತಿದ ಹಾಗೆ ಬೆರಳಲ್ಲಿ ಉರುಳಿಸುತ್ತಾ ಎಳೆದು ಸುತ್ತಿ, ಬುಡದಲ್ಲಿ ಉಳಿದ ಬಾಲವನ್ನು ಮಡಿಚಿ ಅಡಿಗೆ ಒತ್ತಿ ನಿಲ್ಲಿಸುತ್ತೇನೆ. ಪೂರ್ತಿ ಒಣಗಿದ ಮೇಲೆ ಮೈಮೇಲೆ ತೆಳ್ಳಗೆ ಮೇಣ ಸವರಿದರೆ ಆಯ್ತು. ಮೇಣಕ್ಕೆ ಜೇನುಮೇಣ, ಅದಕ್ಕೆ ಪ್ರಾಣಿಯ ಕೊಬ್ಬು ಇಲ್ಲವೇ ಸಸ್ಯದ ಎಣ್ಣೆ. ಪೆಟ್ರೋಲಿಯಂ ಗ್ರೀಸ್ ಬೇಡ, ಕರಿಮದ್ದಿನ ಮಸಿ ಜೊತೆ ಸೇರಿದರೆ ಡಾಂಬರಿನಂತೆ ಹಿಡಿದುಕೊಳ್ಳುತ್ತದೆ.

ತುಂಬುವ ಕ್ರಮಕ್ಕೆ ಬರೋಣ. ಪ್ರೈಮರ್ ಕೂರಿಸಿ, ತೂಗಿದ ಮದ್ದನ್ನು ಎರಡು ಅಡಿ ಉದ್ದದ ಹಿತ್ತಾಳೆ ಕೊಳವೆಯಲ್ಲಿ ನಿಧಾನ ಸುರಿಯುತ್ತೇನೆ. ಮೇಲಿಂದ ಬಿದ್ದ ಕಾಳುಗಳು ತಾವೇ ಒತ್ತಾಗಿ ಕೂರುತ್ತವೆ. ತೂಕ ಎಷ್ಟು ಅಂದರೆ, 85 ಗ್ರೇನ್ ಹಳೇ ಸೇನೆಯ ಲೆಕ್ಕ, ನಾನು ಅದಕ್ಕಿಂತ ಕಡಿಮೆಯಲ್ಲೇ ಇರುತ್ತೇನೆ. ನೀವು ನಿಮ್ಮ ಮದ್ದಿಗೆ ಒಪ್ಪುವ ಮುದ್ರಿತ ಕೈಪಿಡಿ ನೋಡಿ ಅದರ ಕೆಳಗಿನ ಅಂಕಿಯಿಂದ ಶುರು ಮಾಡಿ. ಒಂದು ಕಂಪನಿಯ ಕೇಸಿಗೆ ಸರಿಯಾದ ತೂಕ ಇನ್ನೊಂದಕ್ಕೆ ಸರಿಯಾಗುವುದಿಲ್ಲ, ಗೋಡೆ ದಪ್ಪ ಇದ್ದರೆ ಒಳಗೆ ಜಾಗವೇ ಇರುವುದಿಲ್ಲ.

ಮದ್ದಿನ ಮೇಲೆ ಖಾಲಿ ಜಾಗ ಮಾತ್ರ ಇರಬಾರದು. ಕರಿಮದ್ದಿಗೂ ಗುಂಡಿಗೂ ನಡುವೆ ಗಾಳಿ ಉಳಿದರೆ ನಳಿಗೆ ಉಂಗುರದ ಹಾಗೆ ಉಬ್ಬಬಹುದು. ಆ ಜಾಗ ತುಂಬಲು ನಾನು ಬೂರುಗದ ಅರಳೆ ಹಾಕುತ್ತೇನೆ. ರವೆಯಂಥ ಕಾಳು ಹಾಕುವವರೂ ಇದ್ದಾರೆ. ಕುತ್ತಿಗೆ ಕಿರಿದಾಗುವ ಕೇಸಿನಲ್ಲಿ ಆ ಕಾಳು ಭುಜದ ಹತ್ತಿರ ಗಟ್ಟಿಯಾಗಿ ಸಿಕ್ಕಿಕೊಳ್ಳುವ ಭಯ ನನಗಿದೆ, ಅದಕ್ಕೇ ಅದು ಬೇಡ. ಅರಳೆ ಕುತ್ತಿಗೆಯ ಬುಡದವರೆಗೆ ಬಂದಿರಬೇಕು. ಯಾಕಂದ್ರೆ ಅದರ ಮೇಲೆ ಬರುವ ರಟ್ಟಿನ ಬಿಲ್ಲೆ ಕುತ್ತಿಗೆಯ ಅಳತೆಯದು, ಕೆಳಗೆ ಆಸರೆ ಇಲ್ಲದಿದ್ದರೆ ಹೊಟ್ಟೆಯೊಳಗೆ ಜಾರಿ ಅಡ್ಡಡ್ಡ ಬೀಳುತ್ತದೆ, ಹೊರಗಿಂದ ನಿಮಗೆ ಗೊತ್ತೂ ಆಗುವುದಿಲ್ಲ. ಒಂದು ರಟ್ಟು, ಅದರ ಮೇಲೆ ಜೇನುಮೇಣದ ಬಿಲ್ಲೆ, ಮತ್ತೊಂದು ರಟ್ಟು, ಮೇಲೆ ಗುಂಡು. ಗುಂಡನ್ನು ಕೈಯಿಂದಲೇ ಒತ್ತಿ ಕೂರಿಸುತ್ತೇನೆ, ಡೈಗೆ ಕೊಟ್ಟರೆ ಕಾಗದ ಹರಿಯುವ ಸಂಭವ ಜಾಸ್ತಿ. ಮೇಣದ ಬಿಲ್ಲೆ ಬಿಟ್ಟರೆ ಏನಾಗುತ್ತದೆ ಅಂತ ಬೇಕೆಂದೇ ಹೊಡೆದು ನೋಡಿದೆ. ಮೊದಲ ಕೆಲವು ಈಡು ಗುರಿಯಲ್ಲೇ ಬಿದ್ದವು, ಆಮೇಲೆ ಗುಂಡುಗಳು ಚದುರಲು ಶುರುವಾದವು, ಮುಂದಿನ ತೋಟಾ ಚೇಂಬರಿಗೆ ಹೋಗಲು ಹಟ ಮಾಡಿತು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಘನವಾಗಿಯೇ ಉಳಿಯುತ್ತದೆ, ಅದೆಲ್ಲ ಎಲ್ಲಿಗೆ ಹೋಗಬೇಕು ಹೇಳಿ?

ಹೊಡೆಯುವಾಗ ಎರಡು ಈಡಿನ ನಡುವೆ ಊದುಕೊಳವೆ ಬಳಸುತ್ತೇನೆ. ಖಾಲಿ ಕೇಸಿನ ಬುಡ ಕೊರೆದು ಅದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿದರೆ ಆಯ್ತು. ಕೋವಿ ಖಾಲಿ ಇದೆ ಅಂತ ನೋಡಿಕೊಂಡು, ಕೊಳವೆಯನ್ನು ಹಿಂದಿನಿಂದ ಚೇಂಬರಿಗೆ ಕೂರಿಸಿ ನಿಧಾನ ಉಸಿರು ಬಿಡುವುದು. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ಒಣ ಹವೆಯಲ್ಲಿ ಉಸಿರು ಇನ್ನೂ ಹೆಚ್ಚು ಬೇಕಾಗುತ್ತದೆ.

ಹೊಡೆದಾದ ಮೇಲೆ ಮೈದಾನ ಸುರಕ್ಷಿತ ಅಂತ ಕೂಗಿ ಹೇಳಿದಾಗ ಮುಂದೆ ಹೋಗಿ ಕಾಗದದ ಚೂರು ಹೆಕ್ಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗುರಿಹಲಗೆ ಹೇಳದ್ದನ್ನು ಅವು ಹೇಳುತ್ತವೆ. ನಳಿಗೆಯ ಏಣುಗಳಿಗೆ ಸರಿಯಾಗಿ ಸೀಳಿದ ಸಣ್ಣ ಪಟ್ಟಿಗಳು ಬಿದ್ದಿದ್ದರೆ ಎಲ್ಲ ಸರಿ ಇದೆ. ಅಂಚು ಸುಟ್ಟು ಕರಿಕಲಾಗಿದ್ದರೆ ಬೆಂಕಿ ಗುಂಡನ್ನು ದಾಟಿ ಮುಂದೆ ಹೋಗಿದೆ, ಅಂದರೆ ಗುಂಡು ಸಣ್ಣದು ಅಥವಾ ರಟ್ಟು ಸರಿಯಾಗಿ ಮುಚ್ಚಿಲ್ಲ. ಚೂರೇ ಸಿಗದಿದ್ದರೆ ಕಾಗದ ಗುಂಡಿನ ಜೊತೆಗೇ ಹೋಗಿರಬಹುದು, ಅಂಥ ಗುಂಡು ನೇರ ಹೋಗುವುದಿಲ್ಲ.

ಉದ್ದ ರೈಫಲ್ಲಿನ ತೋಟಾವನ್ನು ಗಿಡ್ಡ ನಳಿಗೆಯ ಕಾರ್ಬೈನಿನಲ್ಲಿ ಹೊಡೆಯುವವರಿಗೆ ಒಂದು ಮಾತು. ಸೇನೆಯೇ ಕಾರ್ಬೈನಿಗೆ 70 ಗ್ರೇನ್ ಮದ್ದು, 410 ಗ್ರೇನ್ ಗುಂಡಿನ ಬೇರೆ ತೋಟಾ ಮಾಡಿತ್ತು. ಹಗುರ ಕೋವಿಯಲ್ಲಿ ದೊಡ್ಡ ಈಡು ತಡೆದುಕೊಳ್ಳುವುದರಲ್ಲಿ ಗಂಡಸ್ತನ ಏನೂ ಇಲ್ಲ.

ತೊಳೆಯುವ ಕೆಲಸ ಅವತ್ತೇ ಆಗಬೇಕು. ಮಸಿಯಲ್ಲಿರುವ ಲವಣಗಳು ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತವೆ. ಅವು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತವೆ. ಬಿಸಿನೀರು ಸಾಕು, ದುಬಾರಿ ದ್ರಾವಣ ಯಾವುದೂ ಬೇಡ. ಮಾರ್ಟಿನಿಯನ್ನು ಬಾಯಿ ಕಡೆಯಿಂದಲೇ ಸ್ವಚ್ಛ ಮಾಡಬೇಕಾಗುತ್ತದೆ, ಹಾಗಾಗಿ ಸರಳು ನಳಿಗೆಯ ಬಾಯಿ ಸವೆಸದಂತೆ ನಡುವೆ ತೂತಿರುವ ಒಂದು ಹಿತ್ತಾಳೆ ಬಿರಡೆ ಇರಲಿ. ನೀರು ಹಿಂದಿನ ಯಂತ್ರದೊಳಗೆ ಇಳಿಯದ ಹಾಗೆ ಚೇಂಬರಿಗೆ ಕೊಳವೆ ಸಿಕ್ಕಿಸಿ ಹೊರಗೆ ಹರಿಸಿ. ಪೂರ್ತಿ ಒಣಗಿದ ಮೇಲೆ ಎಣ್ಣೆ.

ಖಾಲಿ ಕೇಸುಗಳನ್ನು ಹೊಡೆದ ಜಾಗದಲ್ಲೇ ಪ್ರೈಮರ್ ತೆಗೆದು, ಸೋಪುನೀರಿನ ಡಬ್ಬಿಗೆ ಹಾಕುತ್ತೇನೆ. ಒಂದು ರಾತ್ರಿ ಹಾಗೇ ಬಿಟ್ಟರೂ ಹಿತ್ತಾಳೆ ಹಸಿರುಗಟ್ಟುತ್ತದೆ. ಮುಂದಿನ ಸಲ ಅವುಗಳ ಕುತ್ತಿಗೆ ಮಾತ್ರ ಬಿಗಿ ಮಾಡುತ್ತೇನೆ, ಮೈಯನ್ನು ಡೈಗೆ ಕೊಡುವುದಿಲ್ಲ, ಈಗಾಗಲೇ ನನ್ನ ಚೇಂಬರಿನ ಆಕಾರಕ್ಕೆ ಬಂದಿರುತ್ತದಲ್ಲ. ಇನ್ನೊಂದು ಮಾರ್ಟಿನಿ ಇದ್ದರೆ ಅದರ ಕೇಸುಗಳಿಗೆ ಬೇರೆ ಡಬ್ಬಿ ಇಡಿ, ಮೇಲೆ ಕೋವಿಯ ನಂಬರ್ ಬರೆದಿಡಿ.